ಹಳದಿ ಬೆಳಕಿನ ಎರಡು ಗಂಟೆ

ಬೆಳಿಗ್ಗೆ ಹನ್ನೊಂದಕ್ಕೆ ಸರಿಯಾಗಿ ಕರೆಂಟ್ ಹೋಯಿತು. ಆ ದೊಡ್ಡ ಹೋಟೆಲಿನ ಲಾಂಡ್ರಿ ಇದ್ದದ್ದು ನೆಲಮಾಳಿಗೆಯಲ್ಲಿ, ಅದಕ್ಕೆ ಕಿಟಕಿಯೇ ಇರಲಿಲ್ಲ. ಹೊರಗೆ ಬಿಸಿಲು ಸುಡುತ್ತಿದ್ದರೂ ಇಲ್ಲಿ ತನ್ನ ಕೈ ತನಗೇ ಕಾಣದಷ್ಟು ಕತ್ತಲೆ.

ಅಲ್ಲಿ ಕೆಲಸ ಮಾಡುತ್ತಿದ್ದವಳೊಬ್ಬಳ ಬಲಗೈ ಆಗ ತೊಳೆದು ಬಂದ ದಿಂಬಿನ ಕವರೊಂದರೊಳಗೆ ಮೊಣಕೈವರೆಗೆ ಹೋಗಿತ್ತು. ಬೆರಳಿಗೆ ಏನೋ ತಗುಲಿತು... ಮೆತ್ತಗೆ... ಅಂಟಂಟಾಗಿ...

'ದೇವರೇ, ಏನಾದರೂ ಆಗಿರಲಿ, ಅದೊಂದು ಮಾತ್ರ ಆಗದಿರಲಿ!'

ಅದೇ ಆಗಿತ್ತು. ಯಾರದೋ ಗಾಯದಿಂದ ಕಳಚಿಕೊಂಡ ಅಂಟುಪಟ್ಟಿ. ಬಿಸಿನೀರು, ಸೋಪು, ಯಂತ್ರದ ಮೂರು ಸುತ್ತು ಎಲ್ಲವನ್ನೂ ಜಯಿಸಿ ಬಂದು ಈಗ ಅವಳ ಕಿರುಬೆರಳಿಗೆ ಅಂಟಿ ಕೂತಿತ್ತು.

"ಇಶ್ಶೀ...!"

ಕೈ ಕೊಡವಿದಳು. ಬೀಳಲಿಲ್ಲ. ಮತ್ತೆ ಕೊಡವಿದಳು. ಅಷ್ಟರಲ್ಲಿ ಮೂಲೆಯಲ್ಲಿದ್ದ ಸಾಮಾನಿನ ಲಿಫ್ಟಿನ ಬಾಗಿಲು ಕಿರುಗುಟ್ಟುತ್ತಾ ಅರ್ಧ ತೆರೆಯಿತು. ಆ ಸಂದಿಯಲ್ಲಿ ಒಂದು ಹಸಿರು ಬೆಳಕು. ಬೆಳಕಿನ ಸುತ್ತ ಎರಡು ಸಾಲು ಹಸಿರು ಹಲ್ಲು!

ಅವಳು ಕಿರುಚಲಿಲ್ಲ. ಕೈಗೆ ಸಿಕ್ಕ ದಿಂಬಿನ ಕವರಿನ ಕಟ್ಟನ್ನೇ ಎತ್ತಿ ಆ ಹಲ್ಲಿನ ಮೇಲೆ ಬೀಸಿ ಒಗೆದಳು.

ಹಲ್ಲಿನ ಯಜಮಾನ ಒಳಗೆ ತೂರಿಕೊಂಡು ಬಂದ. ಎರಡೂ ಕೈಯಲ್ಲಿ ಬಾಗಿಲು ತಳ್ಳಬೇಕಿದ್ದರಿಂದ ಉದ್ದನೆಯ ಪ್ಲಾಸ್ಟಿಕ್ ಕಡ್ಡಿಯೊಂದನ್ನು ಬಾಯಲ್ಲಿ ಕಚ್ಚಿಕೊಂಡಿದ್ದ. ಬೆಳಕು ಬರುತ್ತಿದ್ದದ್ದು ಆ ಕಡ್ಡಿಯಿಂದ. ಈಗ ಅದನ್ನು ಬಾಯಿಂದ ತೆಗೆದ. ತೆಗೆಯುವಾಗ ಜೊಲ್ಲಿನ ಒಂದು ಎಳೆ ಕಡ್ಡಿಯ ಜೊತೆಗೇ ಬಂತು, ಅದೂ ಹಸಿರಾಗಿ ಹೊಳೆಯಿತು.

"ಹೆದರ್ಬೇಡಿ ಮೇಡಂ, ಲಿಫ್ಟ್ ರಿಪೇರಿಯವನು. ತಗೊಳ್ಳಿ, ಇದನ್ನ ಹಿಡ್ಕೊಳ್ಳಿ," ಎಂದು ಆ ಜೊಲ್ಲುಕಡ್ಡಿಯನ್ನು ಅವಳ ಕಡೆಗೇ ಚಾಚಿದ!

ಅವಳು ಎರಡು ಹೆಜ್ಜೆ ಹಿಂದಕ್ಕೆ ಸರಿದಳು. ಅವನಿಗೆ ಅರ್ಥವಾಯಿತು. ಕಡ್ಡಿಯನ್ನು ಪ್ಯಾಂಟಿಗೆ ಒರೆಸಿ ಮತ್ತೆ ಚಾಚಿದ. ಆ ಪ್ಯಾಂಟಿನಲ್ಲಿ ಇಡೀ ಲಿಫ್ಟಿಗೆ ಸಾಕಾಗುವಷ್ಟು ಗ್ರೀಸ್ ಇತ್ತು.

'ಇಂಥವನನ್ನು ಹೆತ್ತವರು ಯಾರಪ್ಪಾ...'

ಆ ಲಾಂಡ್ರಿಯಲ್ಲಿ ಎಲ್ಲರೂ ಅವಳನ್ನು ಇಶ್ಶಿ ಎಂದೇ ಕರೆಯುತ್ತಿದ್ದರು. ತೊಳೆದು ಬಂದ ಹಾಸಿಗೆ ಬಟ್ಟೆಯನ್ನು ಮೇಜಿನ ಮೇಲೆ ಹರಡಿ, ಕಲೆ ಉಳಿದಿದೆಯೇ ಎಂದು ನೋಡಿ ಮೇಲಕ್ಕೆ ಕಳಿಸುವುದು ಅವಳ ಕೆಲಸ. ಒಂಬತ್ತು ವರ್ಷದಲ್ಲಿ ಅವಳ ಮೇಜು ದಾಟಿ ಒಂದೇ ಒಂದು ಕಲೆ ಮೇಲೆ ಹೋಗಿರಲಿಲ್ಲ. ಇದು ಚಹಾ, ಇದು ಮುಖದ ಕ್ರೀಮು, ಇದು ತಲೆಗೆ ಹಚ್ಚಿದ ಬಣ್ಣ, ಇದು... ಬೇಡ ಬಿಡಿ. ದೂರದಿಂದ ನೋಡಿಯೇ ಹೇಳುತ್ತಿದ್ದಳು. ಹೇಳುವ ಮೊದಲು ಇಶ್ಶೀ ಅನ್ನುತ್ತಿದ್ದಳು, ಅಷ್ಟೆ.

ಇಂಥ ಕಣ್ಣಿದ್ದವಳಿಗೆ ಗಂಡಸೊಬ್ಬ ಹಿಡಿಸುವುದಾದರೂ ಹೇಗೆ? ನೋಡಲು ಬಂದವರಲ್ಲಿ ಒಬ್ಬನ ಕಾಲರಿನ ಒಳಮಗ್ಗುಲು ಕಂಡಿತ್ತು, ಇನ್ನೊಬ್ಬನ ಉಗುರು, ಮತ್ತೊಬ್ಬ ಬಿಸ್ಕತ್ತು ತಿಂದು ಬೆರಳು ನೆಕ್ಕಿದ್ದು. ಎಲ್ಲರನ್ನೂ ಬೇಡ ಎಂದಳು. ಮೂವತ್ತು ದಾಟಿತು. ಅವಳನ್ನು ಸಾಕಿ ಬೆಳೆಸಿದ ಚಿಕ್ಕಮ್ಮ ಅದೇ ಲಾಂಡ್ರಿಯಲ್ಲಿ ಇಸ್ತ್ರಿ ಯಂತ್ರದ ಮುಂದೆ ನಿಲ್ಲುತ್ತಿದ್ದಳು. ನಿನಗೆ ಬೇಕಾದ ಗಂಡನ್ನು ಬಿಳಿ ಸೋಪಿನಲ್ಲೇ ಕೆತ್ತಿಸಬೇಕು ಕಣೇ ಎಂದು ಆಡಿಕೊಳ್ಳುತ್ತಿದ್ದಳು.

ಇಶ್ಶಿ ನಗುತ್ತಿರಲಿಲ್ಲ. ಅವಳಿಗೂ ಒಬ್ಬರು ಬೇಕಿತ್ತು. ಬಹಳವೇ ಬೇಕಿತ್ತು. ಹತ್ತಿರ ಯಾರಾದರೂ ಬಂದರೆ ಮಾತ್ರ ಹೊಟ್ಟೆ ತೊಳಸುತ್ತಿತ್ತು, ಅವಳೇನು ಮಾಡಬೇಕು?

ಬೀದಿಯಲ್ಲಿ ಹಳೆಯ ಕೇಬಲ್ ಕಿತ್ತು ಹೊಸದು ಹಾಕುತ್ತಿದ್ದರು. ಒಂದು ತಿಂಗಳು ದಿನವೂ ಹನ್ನೊಂದರಿಂದ ಒಂದರವರೆಗೆ ಕರೆಂಟ್ ಇಲ್ಲ. ಜನರೇಟರ್ ಅತಿಥಿಗಳ ಕೋಣೆಗೆ, ಅಡುಗೆಮನೆಗೆ ಸಾಲುವಷ್ಟೇ ಇತ್ತು. ಗಾಳಿಯಲ್ಲಿ ಬಟ್ಟೆಯ ಜುಂಗು, ಬಾಟಲಿಯಲ್ಲಿ ಕಲೆ ತೆಗೆಯುವ ಸ್ಪಿರಿಟ್ ಇರುವ ಕಡೆ ಮೇಣದಬತ್ತಿ ಹಚ್ಚುವ ಹಾಗಿಲ್ಲ. ಗೋಡೆಯ ತುರ್ತು ದೀಪಗಳು ಕೆಟ್ಟು ಯಾವ ಕಾಲವಾಗಿತ್ತೋ.

ಲಿಫ್ಟ್ ರಿಪೇರಿಯವನ ಬಳಿ ಒಂದು ಪೆಟ್ಟಿಗೆ ಗ್ಲೋ ಸ್ಟಿಕ್ ಇತ್ತು. ರಜೆಯಲ್ಲಿ ಗೆಳೆಯರ ಜೊತೆ ಕಾಡಿಗೆ ಹೋಗಿ ಡೇರೆ ಹಾಕುವ ಚಟ ಅವನಿಗೆ. ಅಲ್ಲಿ ಬಳಸುತ್ತಿದ್ದದ್ದನ್ನೇ ಇಲ್ಲಿಗೂ ತಂದಿದ್ದ. ಬೆಂಕಿಯಿಲ್ಲ, ಕಿಡಿಯಿಲ್ಲ, ಬಿಸಿಯಿಲ್ಲ. ಮಧ್ಯಕ್ಕೆ ಬಗ್ಗಿಸಿದರೆ ಒಳಗಿನ ಗಾಜು ಟಿಕ್ ಎಂದು ಒಡೆದು ಬೆಳಕು ಬರುತ್ತದೆ ಎಂದು ಚಿಕ್ಕಮ್ಮನಿಗೆ ಬಗ್ಗಿಸಿ ತೋರಿಸಿದ. ಚಿಕ್ಕಮ್ಮ ಅದಕ್ಕೆ ಮಿಣುಕುಕಡ್ಡಿ ಎಂದು ಹೆಸರಿಟ್ಟಳು.

ಮರುದಿನದಿಂದ ಹತ್ತೂ ಮುಕ್ಕಾಲಿಗೆ ಸರಿಯಾಗಿ ಬಂದು ತಂತಿಯ ಮೇಲೆ ಸಾಲಾಗಿ ಕಡ್ಡಿ ಕಟ್ಟಿ ಹೋಗುತ್ತಿದ್ದ. ಅದು ಅವನ ಕೆಲಸವಲ್ಲ, ಯಾರೂ ಹೇಳಿರಲೂ ಇಲ್ಲ.

ಇಶ್ಶಿ ಗಮನಿಸಿದಳು. ಎರಡನೇ ದಿನ ಅವನು ಕೈ ತೊಳೆದುಕೊಂಡು ಬಂದಿದ್ದ. ಮೂರನೇ ದಿನ ಮೊಣಕೈವರೆಗೆ ತೊಳೆದಿದ್ದ. ಐದನೇ ದಿನ ಬೇರೆ ಪ್ಯಾಂಟು! ಆದರೂ ಕಿವಿಯ ಹಿಂದೆ ಗ್ರೀಸಿನ ಒಂದು ಗೆರೆ ಉಳಿದಿರುತ್ತಿತ್ತು. ಅದನ್ನು ನೋಡಿದಾಗಲೆಲ್ಲ ಅವಳಿಗೆ ಅಸಹ್ಯವಾಗುತ್ತಿತ್ತು. ಆದರೆ ನೋಡದೆ ಇರಲೂ ಆಗುತ್ತಿರಲಿಲ್ಲ.

'ಅದನ್ನು ಯಾರಾದರೂ ಒರೆಸಬಾರದೇ... ನಾನಂತೂ ಒರೆಸುವುದಿಲ್ಲ.'

ಹಸಿರು ಬೆಳಕು ಅವಳಿಗೆ ಆಗಿಬರಲಿಲ್ಲ. ಬಿಳಿ ಬಟ್ಟೆಗೆಲ್ಲ ಪಾಚಿ ಕಟ್ಟಿದ ಹಾಗೆ ಕಾಣುತ್ತದೆ, ಊಟ ಸೇರುವುದಿಲ್ಲ, ಬೇರೆ ಬಣ್ಣ ಇದ್ದರೆ ತನ್ನಿ ಎಂದು ಜೋರು ಮಾಡಿದಳು. ಅವನು ಎಲ್ಲೆಲ್ಲೋ ಹುಡುಕಿ ಹಳದಿ ಕಡ್ಡಿ ತಂದ. ಬಿಸಿನೀರಿಗೆ ಹಾಕಿದರೆ ಬೆಳಕು ಜಾಸ್ತಿ ಎಂದು ಒಂದು ಬಕೆಟ್ಟಿನಲ್ಲಿ ಅದ್ದಿ ತೆಗೆದು ಕಟ್ಟಿದ. ಕರೆಂಟ್ ಹೋದಾಗ ಲಾಂಡ್ರಿಯ ಮೂಲೆಮೂಲೆಯೂ ಬೆಳಗಿತು.

ಆಗ ಅವನು ಒಂದು ಮಾತು ಹೇಳಿದ: "ಮೇಡಂ, ಇದು ಓಡಾಡೋಕೆ, ಮಡಚೋಕೆ ಮಾತ್ರ. ಈ ಬೆಳಕಲ್ಲಿ ಬಣ್ಣ ನಂಬೋಕಾಗಲ್ಲ. ಕಲೆ ನೋಡೋದು ಕರೆಂಟ್ ಬಂದ್ಮೇಲೆ ಇಟ್ಕೊಳ್ಳಿ."

ಅವಳಿಗೆ ಮೈಯೆಲ್ಲ ಉರಿಯಿತು. ಕಲೆ ನೋಡುವುದನ್ನು ಲಿಫ್ಟಿನವನು ತನಗೆ ಹೇಳಿಕೊಡುವುದೇ? ಮೇಜಿನ ಪಕ್ಕ ಇನ್ನೂರು ಹಾಸು ಬಟ್ಟೆ ರಾಶಿ ಬಿದ್ದಿತ್ತು. ಒಂದನ್ನು ಎಳೆದು ಹರಡಿದಳು.

ಚೊಕ್ಕಟವಾಗಿತ್ತು.

ಇನ್ನೊಂದು ಹರಡಿದಳು. ಅದೂ ಚೊಕ್ಕಟ. ಮತ್ತೊಂದು... ಅದೂ! ಎಲ್ಲಿಯೂ ಚಹಾ ಇಲ್ಲ, ಬೆವರಿಲ್ಲ, ಆ ಹೇಳಬಾರದ್ದೂ ಇಲ್ಲ. ನಲವತ್ತನೆಯ ಬಟ್ಟೆ ಮಡಚುವ ಹೊತ್ತಿಗೆ ಅವಳಿಗೆ ತಿಳಿಯಿತು, ಆ ರಾಶಿಗೆ ಕೈ ಹಾಕಿದಾಗಿನಿಂದ ಒಮ್ಮೆಯೂ ಇಶ್ಶೀ ಅಂದಿರಲಿಲ್ಲ.

ಒಂಬತ್ತು ವರ್ಷದಲ್ಲಿ ಮೊದಲ ಸಲ ಅವಳ ಹೊಟ್ಟೆ ತಣ್ಣಗಿತ್ತು. ಪ್ರಪಂಚವೇ ಯಾವಾಗಲೋ ಸ್ನಾನ ಮಾಡಿ ಬಂದ ಹಾಗಿತ್ತು. ತಿರುಗಿ ನೋಡಿದರೆ ಲಿಫ್ಟಿನವನು ಪೆಟ್ಟಿಗೆಯ ಮೇಲೆ ಕೂತು ಬ್ರೆಡ್ ತಿನ್ನುತ್ತಿದ್ದ. ಅವನ ಕಿವಿಯ ಹಿಂದೆ ಏನೂ ಕಾಣಲಿಲ್ಲ.

'ಇವನು ಇದ್ದರೆ ನನಗೆ ಯಾವುದೂ ಹೇಸಿಗೆ ಅನ್ನಿಸುವುದಿಲ್ಲವೇ? ಇದಕ್ಕೇ ಜನ ಪ್ರೀತಿ ಅನ್ನುತ್ತಾರಾ?'

ಅವನ ಪಕ್ಕ ಹೋಗಿ ಕೂತಳು. ಅವನು ಬ್ರೆಡ್ಡಿನಲ್ಲಿ ಅರ್ಧ ಮುರಿದು ಕೊಟ್ಟ. ಆ ಕೈಯಿಂದ! ಅವಳು ತಿಂದಳು! ಆಚೆ ಚಿಕ್ಕಮ್ಮ ಕಣ್ಣುಜ್ಜಿಕೊಂಡು ಮತ್ತೊಮ್ಮೆ ನೋಡಿದಳು. ಕಾಡಿನಲ್ಲಿ ಡೇರೆಯೊಳಗೆ ಇಲಿ ನುಗ್ಗಿದ ಕಥೆ ಅವನು ಹೇಳಿದಾಗ ಇಶ್ಶಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವನು ಕಥೆ ನಿಲ್ಲಿಸಿ ಅವಳು ನಗುವುದನ್ನೇ ನೋಡುತ್ತಾ ಕೂತ.

ಒಂದು ಗಂಟೆಗೆ ಕರೆಂಟ್ ಬಂತು. ಅಷ್ಟರಲ್ಲಿ ಇನ್ನೂರೂ ಬಟ್ಟೆ ಮೇಲೆ ಹೋಗಿತ್ತು.

ಸಂಜೆಗೆ ದೂರು ಶುರುವಾಯಿತು. ಮೊದಲು ಒಂದು ಕೋಣೆ, ಆಮೇಲೆ ಮೂರು, ಕೊನೆಗೆ ಹದಿನಾಲ್ಕು. ಮ್ಯಾನೇಜರ್ ಆ ಬಟ್ಟೆಗಳನ್ನೆಲ್ಲ ಕೆಳಗೆ ಹೊರಿಸಿಕೊಂಡು ಬಂದು ಅವಳ ಮೇಜಿನ ಮೇಲೆ ಸುರಿದರು. ಟ್ಯೂಬ್‌ಲೈಟಿನ ಬೆಳಕಿನಲ್ಲಿ ಒಂದೊಂದೇ ಬಿಚ್ಚಿಕೊಂಡವು. ಹಳದಿ ಕಲೆ! ಹಳದಿ ಬೆಳಕಿನಲ್ಲಿ ಬಿಳಿಯ ಜೊತೆ ಒಂದಾಗಿ ಅಡಗಿದ್ದ ಹಳದಿ. ಚಹಾದ ಹಳದಿ, ಬೆವರಿನ ಹಳದಿ, ಮುಲಾಮಿನ ಹಳದಿ, ಅಂಚಿನಲ್ಲಿ ಒಣಗಿ ಗಟ್ಟಿಯಾದ ಇನ್ನೇನೋ ಹಳದಿ. ಹಾಸಿಗೆಯ ಮಧ್ಯದಲ್ಲಿ ಒಂದು ಇಡೀ ಮನುಷ್ಯನ ಆಕಾರವೇ ಇತ್ತು.

ಇವನ್ನೆಲ್ಲ ಅವಳು ಮುಟ್ಟಿದ್ದಳು, ಅಂಗೈಯಿಂದ ಸವರಿ ಮಡಚಿದ್ದಳು. ಆ ಕೈಯಲ್ಲೇ ಬ್ರೆಡ್ ತಿಂದಿದ್ದಳು.

ಎರಡೂ ಕೈಯನ್ನು ಮೈಯಿಂದ ದೂರ ಹಿಡಿದಳು.

ಯಾವ ಬೆಳಕಿನಲ್ಲಿ ನೋಡಿದ್ರಿ ಇದನ್ನ ಎಂದು ಮ್ಯಾನೇಜರ್ ಕೇಳಿದರು. ಲಿಫ್ಟ್ ರಿಪೇರಿಯವನು ಬಾಗಿಲಲ್ಲೇ ನಿಂತಿದ್ದ.

"ಬೆಳಕು ಅವರದು ಸರ್," ಎಂದಳು ಇಶ್ಶಿ. "ಅವರೇ ತಂದು ಕಟ್ಟಿದ್ದು."

ಒಂದೊಂದು ಪದವೂ ನಿಜ, ಇಡೀ ಮಾತು ಸುಳ್ಳು. ಅವನು ಅವಳನ್ನು ಒಮ್ಮೆ ನೋಡಿದ. ತಾನು ಎಚ್ಚರಿಸಿದ್ದೆ ಎಂದು ಹೇಳಬಹುದಿತ್ತು, ಹೇಳಲಿಲ್ಲ. ತಂತಿಯ ಮೇಲೆ ಮಂಕಾಗಿದ್ದ ಕಡ್ಡಿಗಳನ್ನು ಬಿಚ್ಚಿ ಚೀಲಕ್ಕೆ ತುಂಬಿಕೊಂಡು ಹೋದ. ಮರುದಿನ ಅವನ ಕಂಪನಿಯಿಂದ ಬೇರೆ ಮೆಕ್ಯಾನಿಕ್ ಬಂದ.

ಅವಳು ಮೊದಲು ಅವನ ಮೇಲೆ ಸಿಟ್ಟು ಮಾಡಿಕೊಂಡಳು. ಹಳದಿಯಲ್ಲಿ ಹಳದಿ ಕಾಣದು ಎಂದು ಅವನಿಗೆ ಮೊದಲೇ ಗೊತ್ತಿತ್ತು... ನನ್ನನ್ನು ನಗಿಸಿ, ಮೈಮರೆಸಿ, ಮಜಾ ತೆಗೆದುಕೊಂಡ... ಹೀಗೆ ಮೂರು ದಿನ ತನಗೆ ತಾನೇ ಹೇಳಿಕೊಂಡಳು. ನಾಲ್ಕನೇ ದಿನ ಮನೆಯಲ್ಲಿ ಅದನ್ನೇ ಚಿಕ್ಕಮ್ಮನ ಮುಂದೆ ಹೇಳಿದಳು.

ಚಿಕ್ಕಮ್ಮ ಚಹಾ ಸೋಸುತ್ತಿದ್ದವಳು ಕೈ ನಿಲ್ಲಿಸಿದಳು.

"ಕಲೆ ನೋಡ್ಬೇಡಿ ಅಂತ ಅವನು ಹೇಳಿದ್ದನ್ನ ನಾನೂ ಕೇಳಿಸ್ಕೊಂಡಿದೀನಿ ಕಣೇ. ಹಳದಿ ತರ್ಸಿದ್ದು ಯಾರು? ನೀನೇ ತಾನೇ? ಅವತ್ತು ಮ್ಯಾನೇಜರ್ ಮುಂದೆ ನಾನು ಬಾಯಿ ಬಿಡ್ಲಿಲ್ಲ, ನೀನು ನಮ್ಮ ಹುಡುಗಿ ಅಂತ. ಅವತ್ತಿಂದ ನಂಗೂ ಅನ್ನ ಇಳೀತಿಲ್ಲ."

ಇಶ್ಶಿ ಎದ್ದು ಬಚ್ಚಲಿಗೆ ಹೋದಳು. ಕೈ ತೊಳೆದಳು. ಮತ್ತೆ ಸೋಪು ಹಚ್ಚಿ ತೊಳೆದಳು. ಗೋಡೆಯ ಕನ್ನಡಿಯಲ್ಲಿ ತನ್ನ ಮುಖ ಕಂಡಿತು. ಇಷ್ಟು ವರ್ಷ ಊರವರ ಕೊಳೆಯನ್ನೆಲ್ಲ ಮೂಗು ಮುರಿದು ನೋಡಿದ್ದವಳಿಗೆ ಇಷ್ಟು ಹೇಸಿಗೆ ಯಾವುದನ್ನು ಕಂಡೂ ಆಗಿರಲಿಲ್ಲ.

'ಥೂ...'

ಮರುದಿನ ಮ್ಯಾನೇಜರ್ ಕೋಣೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಹಳದಿ ಕೇಳಿದ್ದು ತಾನು, ಅವರು ಬೇಡ ಅಂದರೂ ಕೇಳದೆ ಕಲೆ ನೋಡಿದ್ದು ತಾನು, ಆಮೇಲೆ ಹೆದರಿ ಅವರ ಕಡೆ ಬೆರಳು ತೋರಿಸಿದ್ದೂ ತಾನು. ಮ್ಯಾನೇಜರ್ ಲಿಫ್ಟ್ ಕಂಪನಿಗೆ ಫೋನ್ ಮಾಡುತ್ತೇನೆ ಎಂದರು. ಅವಳನ್ನು ಮಾತ್ರ ಮೇಜಿನಿಂದ ತೆಗೆದು, ಕೋಣೆಗಳಿಂದ ಬರುವ ಕೊಳೆ ಬಟ್ಟೆ ಬೇರ್ಪಡಿಸುವ ಕಡೆಗೆ ಹಾಕಿದರು. ಇಡೀ ಹೋಟೆಲಿನಲ್ಲಿ ಅದಕ್ಕಿಂತ ಗಲೀಜು ಜಾಗ ಇರಲಿಲ್ಲ. ಅವಳು ತಲೆಯಾಡಿಸಿ ಹೋಗಿ ಗ್ಲೌಸ್ ಹಾಕಿಕೊಂಡಳು.

ಹೊಸ ಮೆಕ್ಯಾನಿಕ್‌ನನ್ನು ಕೇಳಿ ಮೊದಲಿನವನು ಈಗ ಕೆಲಸ ಮಾಡುವ ಕಡೆಯ ವಿಳಾಸ ತಿಳಿದುಕೊಂಡಳು. ಅವನನ್ನು ಹಳೆಯ ವಸತಿ ಕಟ್ಟಡವೊಂದಕ್ಕೆ ಹಾಕಿದ್ದರು. ವಾರದ ರಜೆಯ ಮಧ್ಯಾಹ್ನ ಅಲ್ಲಿಗೆ ಹೋದಳು.

ಕೆಳಮಹಡಿಯಲ್ಲಿ ಲಿಫ್ಟಿನ ಬಾಗಿಲು ತೆರೆದಿತ್ತು, ಲಿಫ್ಟ್ ಮೇಲೆಲ್ಲೋ ನಿಂತಿತ್ತು. ಬಾಗಿಲ ಕೆಳಗೆ ಆಳೆತ್ತರದ ಒಂದು ಗುಂಡಿ. ಇಪ್ಪತ್ತು ವರ್ಷದಿಂದ ಆರು ಮಹಡಿಯ ಜನ ಲಿಫ್ಟಿನ ಸಂದಿಯಲ್ಲಿ ತುರುಕಿದ್ದೆಲ್ಲ ಅಲ್ಲಿಗೆ ಬಂದು ಬಿದ್ದಿತ್ತು. ಹಾಲಿನ ಪ್ಯಾಕೆಟ್ಟು, ಹಣ್ಣಿನ ಸಿಪ್ಪೆ, ಕೂದಲಿನ ಉಂಡೆ, ಮಗುವಿನ ಡೈಪರ್. ಅದರ ಮೇಲೆ ಸೋರಿದ ನೀರು, ನೀರಿನ ಮೇಲೆ ಎಣ್ಣೆ. ಮೇಲಿನ ದೊಡ್ಡ ಬಲ್ಬು ಎಲ್ಲವನ್ನೂ ಸ್ಪಷ್ಟವಾಗಿ ತೋರಿಸುತ್ತಿತ್ತು. ಮಧ್ಯದಲ್ಲಿ ಅವನು ಮೊಣಕಾಲುದ್ದ ಬೂಟು ಹಾಕಿಕೊಂಡು ನಿಂತು, ಸಲಿಕೆಯಿಂದ ಬಕೆಟ್ಟಿಗೆ ತುಂಬುತ್ತಿದ್ದ.

ತಲೆಯೆತ್ತಿ ನೋಡಿದ. ಆಶ್ಚರ್ಯವಾಯಿತು, ಆದರೆ ನಗಲಿಲ್ಲ. ಮತ್ತೆ ಸಲಿಕೆ ಹಾಕಿದ.

ಅವಳು ಮೇಲಿನಿಂದಲೇ ಎಲ್ಲ ಹೇಳಿದಳು. ಮ್ಯಾನೇಜರ್‌ಗೆ ಹೇಳಿದ್ದು, ತನ್ನ ಕೆಲಸ ಬದಲಾದದ್ದು. ತಪ್ಪಾಯಿತು ಎಂದು ಮೂರು ಸಲ ಹೇಳಿದಳು. ಅವನು ಮೊದಲ ಎರಡು ಸಲ ಸಲಿಕೆ ನಿಲ್ಲಿಸಲಿಲ್ಲ.

"ಕೆಲಸದ್ದು ಬಿಡಿ, ಇಲ್ಲೂ ಲಿಫ್ಟೇ, ಅಲ್ಲೂ ಲಿಫ್ಟೇ," ಎಂದ ಆಮೇಲೆ. "ಅವತ್ತು ನೀವು ನನ್ನ ಪಕ್ಕ ಕೂತು ನಕ್ಕಿದ್ರಲ್ಲ... ಅದೂ ಆ ಬೆಳಕಲ್ಲಿ ಸರಿಯಾಗಿ ಕಾಣದೆ ಆಗಿದ್ದಾ? ಅದೊಂದೇ ನನ್ನ ತಲೇಲಿ ಕೂತಿರೋದು."

ಅವಳಿಗೆ ಅಳು ಬಂತು. ಇದೇ ಪ್ರಶ್ನೆಯನ್ನು ಅವಳು ತನ್ನನ್ನೇ ಎಷ್ಟು ಸಲ ಕೇಳಿಕೊಂಡಿದ್ದಳೋ. ಉತ್ತರವನ್ನು ಮೇಲೆ ನಿಂತು ಹೇಳಲು ಅವಳಿಗೆ ಮನಸ್ಸಾಗಲಿಲ್ಲ. ಚಪ್ಪಲಿ ಕಳಚಿದಳು. ಅವನು ಬೇಡ ಬೇಡ ಎನ್ನುತ್ತಿದ್ದಂತೆಯೇ ಗೋಡೆಯ ಕಬ್ಬಿಣದ ಮೆಟ್ಟಿಲು ಹಿಡಿದು ಕೆಳಗೆ ಇಳಿದಳು. ಮೆಟ್ಟಿಲು ಜಿಡ್ಡಾಗಿತ್ತು. ಕೊನೆಯ ಮೆಟ್ಟಿಲಾದ ಮೇಲೆ ಪಾದ ಮುಳುಗಿತು. ಬೆಚ್ಚಗಿತ್ತು... ಯಾಕೆ ಬೆಚ್ಚಗಿತ್ತೋ...

"ಅದು ಬೆಳಕಲ್ಲ," ಎಂದಳು. "ನಾನು ಇಲ್ಲಿಗೆ ಬಂದಿದ್ದು... ನಿಮ್ಮನ್ನ..."

ಅಷ್ಟರಲ್ಲಿ ಅವಳ ಕಣ್ಣು ಬಕೆಟ್ಟಿನೊಳಗೆ ಬಿತ್ತು. ಅಲ್ಲೊಂದು ಸತ್ತ ಇಲಿ ಇತ್ತು. ಊದಿಕೊಂಡಿತ್ತು. ಅದರ ಬಾಲ ಅಂಚಿನಿಂದ ಹೊರಗೆ ಇಳಿಬಿದ್ದಿತ್ತು.

ಬೆಳಿಗ್ಗೆ ತಿಂದದ್ದೆಲ್ಲ ಒಮ್ಮೆಗೇ ಬಂತು. ತಿರುಗಲೂ ಪುರುಸೊತ್ತಾಗಲಿಲ್ಲ. ಎಲ್ಲವೂ ಅವನ ಬೂಟಿನ ಮೇಲೆ!

ನಿಂತಿತು ಅಂದುಕೊಂಡರೆ ಮತ್ತೆ ಬಂತು. ಆಗ ಅವಳ ಹಣೆಗೆ ಒಂದು ಅಂಗೈ ಬಂದು ಒತ್ತಿ ಹಿಡಿಯಿತು. ಇನ್ನೊಂದು ಕೈ ಬೆನ್ನ ಮೇಲೆ. ಚಿಕ್ಕಂದಿನಲ್ಲಿ ಜ್ವರ ಬಂದಾಗ ಚಿಕ್ಕಮ್ಮ ಬಿಟ್ಟರೆ ಹೀಗೆ ಯಾರೂ ಹಿಡಿದಿರಲಿಲ್ಲ. ಆ ಅಂಗೈಯಲ್ಲಿ ಎಣ್ಣೆಯಿತ್ತು, ಗುಂಡಿಯ ವಾಸನೆಯಿತ್ತು. ಅವಳು ಹಣೆಯನ್ನು ಅದಕ್ಕೇ ಒರಗಿಸಿ ನಿಂತಳು.

"ನೋಡ್ಬೇಡಿ ನನ್ನ," ಎಂದಳು ಏದುಸಿರು ಬಿಡುತ್ತಾ. "ಅಸಹ್ಯ."

"ಹೌದು," ಎಂದ ಅವನು. "ಬೂಟೊಳಗೂ ಹೋಗಿದೆ."

ನಾಚಿಕೆಯಿಂದ ಅವಳ ಜೀವ ಹಿಡಿಯಾಯಿತು. "ನಿಮಗೂ ಅಸಹ್ಯ ಆಗುತ್ತಾ?"

"ಆಗದೆ ಏನು, ನಾನೇನು ಕಲ್ಲಾ?"

"ಮತ್ತೆ ಯಾಕೆ ಹಿಡ್ಕೊಂಡಿದೀರಾ?"

"ಬಿಟ್ರೆ ಬೀಳ್ತೀರಲ್ಲ."

ಅವಳು ಅತ್ತಳು. ಅಸಹ್ಯ ಹೋದ ಮೇಲೆ ಪ್ರೀತಿ ಬರುತ್ತದೆ ಎಂದು ಇಷ್ಟು ವರ್ಷ ಕಾದಿದ್ದಳು. ಇಲ್ಲಿ ನೋಡಿದರೆ ಎರಡೂ ಒಟ್ಟಿಗೇ ಇದ್ದವು, ತಮ್ಮ ತಮ್ಮ ಪಾಡಿಗೆ.

ಅವನು ನೀರಿನ ಬಾಟಲಿ ತೆರೆದು ಅವಳ ಕೈಗೆ ಕೊಟ್ಟ. "ಏನೋ ಹೇಳ್ತಿದ್ರಿ. ಬಾಯಿ ಮುಕ್ಕಳಿಸ್ಕೊಂಡು ಹೇಳಿ, ನಿಧಾನ."

ಅವಳು ಮುಕ್ಕಳಿಸಿ ಉಗಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡಳು. ತಲೆಯೆತ್ತಿ ಅವನನ್ನೇ ನೋಡಿದಳು.

"ಇಲ್ಲಿ ಎಲ್ಲಾ ಕಾಣ್ತಿದೆ ನಂಗೆ. ಈ ಗುಂಡಿ, ನಿಮ್ಮ ಬಟ್ಟೆ, ಆ ಇಲಿ... ಹೊಟ್ಟೆ ಇನ್ನೂ ತೊಳಸ್ತಾನೇ ಇದೆ. ಆದ್ರೂ ನಂಗೆ ನೀವೇ ಬೇಕು."

ಅವನು ಸಲಿಕೆಯನ್ನು ಗೋಡೆಗೆ ಒರಗಿಸಿದ. ಅದು ಜಾರಿ ನೀರಿಗೆ ಬಿತ್ತು, ಅವನು ಎತ್ತಿಕೊಳ್ಳಲಿಲ್ಲ.

"ಇನ್ನೊಂದ್ಸಲ ಹೇಳ್ತೀರಾ?"

"ಯಾಕೆ, ಕೇಳಿಸ್ಲಿಲ್ವಾ?"

"ಕೇಳಿಸ್ತು," ಎಂದ ಅವನು.

ಅವಳು ಇನ್ನೊಂದು ಸಲ ಹೇಳಿದಳು.